ಜಗುಲಿಯ ಜೋಲಿಗಳು

ಬಾಳೆಗುಂಡಿ ಎಸ್ಟೇಟ್ ಶಾಲೆ,
ಕಳಸದ ಹತ್ತಿರ
೨೦ ಜೂನ್ ೧೯೩೮

ಅಪ್ಪಯ್ಯನವರಿಗೆ ದೇವೀರಮ್ಮನ ಶರಣು.

ಬಂದು ಸೇರಿಕೊಂಡೆ. ಸರ್ಕಾರದ ಕಾಗದದಲ್ಲಿ ಶಾಲೆ ಅಂತ ಇರುವುದು ಇಲ್ಲಿ ನೋಡಿದರೆ ಎಸ್ಟೇಟಿನವರು ಬಿಟ್ಟುಕೊಟ್ಟ ಹಳೆಯ ಕಾಫಿ ಗೋದಾಮು. ಗೋಡೆಗಳಿಗೆ ಈಗಲೂ ಕಾಫಿಬೀಜದ ವಾಸನೆ ಇದೆ. ಒಂದು ಕುರ್ಚಿ, ಒಂದು ಕರಿಹಲಗೆ, ಮುಂದುಗಡೆ ಉದ್ದನೆಯ ಜಗುಲಿ. ಮಕ್ಕಳು ಗೋಣಿತಾಟಿನ ಮೇಲೆ ಕೂರುತ್ತಾರೆ. ಎಲ್ಲರೂ ಕೂಲಿ ಲೈನಿನ ಸಾಲುಮನೆಗಳವರು, ಅವರ ಮನೆಗಳಲ್ಲಿ ಸ್ಲೇಟು ಹಿಡಿದವರು ಇವರೇ ಮೊದಲು.

ಶಾಲೆಯನ್ನು ಒಂದು ವರ್ಷ ನಡೆಸಿ ನೋಡುತ್ತಾರಂತೆ. ಅಷ್ಟರಲ್ಲಿ ಮಕ್ಕಳು ನೆಲೆ ನಿಲ್ಲದಿದ್ದರೆ ಮುಚ್ಚಿ, ನನ್ನನ್ನು ಕಳಸಕ್ಕೆ ಹಾಕುತ್ತಾರೆ. ನನಗೇನು, ಕಳಸದಲ್ಲಿ ಪೇಟೆ ಇದೆ, ಬಸ್ಸಿದೆ. ಈ ಮಕ್ಕಳು ಮಾತ್ರ ಹೊಳೆ ದಾಟಿ ಅಲ್ಲಿಗೆ ಬರುವುದಿಲ್ಲ. ಅವರ ಓದು ಅಲ್ಲಿಗೇ ಮುಗಿಯಿತು ಎಂದು ತಿಳಿಯಿರಿ.

ಮೊದಲನೆಯ ದಿನ ಟೀಚರ್ ತರಬೇತಿಯ ನಾರ್ಮಲ್ ಸ್ಕೂಲಿನಲ್ಲಿ ಕಲಿಸಿಕೊಟ್ಟಂತೆಯೇ ಹಾಜರಿ ಕೂಗಿ, ಹಲಗೆಯ ಮೇಲೆ ಸೂರ್ಯನನ್ನು ಬರೆದೆ. ಮಳೆಯಲ್ಲಿ ನೆನೆದು ಬಂದ ಮಕ್ಕಳು ಗಡಗಡ ನಡುಗುತ್ತ ಕೂತಿದ್ದವು. ಹಲ್ಲು ಕಟಕಟ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. "ಇದು ಏನು?" ಅಂದರೆ ಒಬ್ಬ ಹುಡುಗ, "ರೊಟ್ಟಿ" ಅಂದ. ಉಳಿದವರು ನಕ್ಕರು, ಅವನು ಅತ್ತ. ಮರುದಿನ ಅವನು ಬರಲಿಲ್ಲ.

ಮಗಳು ಟೀಚರಮ್ಮ ಆದಳು ಅಂತ ನೀವು ಆಲ್ದೂರಿನ ಪೋಸ್ಟಾಫೀಸಿನಿಂದ ಹಿಡಿದು ಕ್ಷೌರದ ಅಂಗಡಿಯವರೆಗೆ ಹೇಳಿಕೊಂಡು ಬಂದಿರುತ್ತೀರಿ. ಇದನ್ನೂ ಹೇಳಿ. ಹೇಳಿದ ಮೇಲೆ ಒಂದೆರಡು ಮಾತು ನನಗೂ ಬರೆಯಿರಿ. ಏನು ಮಾಡಬೇಕೋ ತೋಚುತ್ತಿಲ್ಲ.

ನಿಮ್ಮ ಮಗಳು,
ದೇವೀರಮ್ಮ


ಆಲ್ದೂರು
೨೯ ಜೂನ್ ೧೯೩೮

ಚಿರಂಜೀವಿ ದೇವಿಗೆ ಅಪ್ಪನ ಆಶೀರ್ವಾದ.

ಪೋಸ್ಟಾಫೀಸಿನಲ್ಲಿ ಹೇಳಿದೆ. ಕ್ಷೌರದ ಅಂಗಡಿಯಲ್ಲಿ ಅವರೇ ಕೇಳಿದರು, ಅದಕ್ಕೆ ಹೇಳಿದೆ. ರೊಟ್ಟಿ ಅಂದ ಹುಡುಗ ಜಾಣ ಮಾರಾಯಿತಿ. ಈ ಮಳೆಯಲ್ಲಿ ಸೂರ್ಯನನ್ನು ಯಾರು ನೋಡಿದ್ದಾರೆ? ಅವನು ಹಸಿದು ಬಂದಿದ್ದ, ಅಷ್ಟೇ.

ಹಾಜರಿ ಕೂಗುವುದು ಮಕ್ಕಳು ಒಣಗಿದ ಮೇಲೆ. ಒಂದು ಹಳೇ ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತುಂಬಿಸಿ ನಡುವೆ ಇಡಿಸು, ಸುತ್ತ ಕೂರಿಸು. ಬೆಲ್ಲ ಹಾಕಿದ ಕಾಫಿಯೋ ಗಂಜಿ ತಿಳಿಯೋ, ಎಂತಾದರೂ ಬಿಸಿಯದು ಒಂದು ಗುಟುಕು ಹೊಟ್ಟೆಗೆ ಹೋಗಲಿ. ಜಗುಲಿಯ ಗೋಡೆಗೆ ಗೂಟ ಹೊಡಿಸು, ಮಳೆಗೆ ತಲೆಯ ಮೇಲಿಂದ ಹೊದೆಯುವ ಗೊರಬು, ಕಂಬಳಿ ನೇತುಹಾಕಲಿಕ್ಕೆ. ಪ್ರತಿಯೊಂದು ಮಗುವಿಗೂ ಅದರದೇ ಗೂಟ ಇರಬೇಕು, ಇನ್ನೊಬ್ಬರು ಮುಟ್ಟಬಾರದು. ತನ್ನದು ಅಂತ ಒಂದು ಗೂಟ ಇರುವ ಜಾಗಕ್ಕೆ ಮಗು ಮರುದಿನ ಬಂದೇ ಬರುತ್ತದೆ. ನನ್ನ ಇಡೀ ಮೇಷ್ಟ್ರ ಸರ್ವೀಸಿನಲ್ಲಿ ಇದು ಸುಳ್ಳಾಗಿದ್ದು ನೋಡಿಲ್ಲ.

ಮಳೆಗಾಲದ ಉಂಬಳ ಕಚ್ಚಿ ರಕ್ತ ಹೀರಿದ ಕಾಲು ನೋಡಿ ನೀನು ಮುಖ ಸಿಂಡರಿಸುತ್ತೀಯ, ನನಗೆ ಗೊತ್ತು. ಸಿಂಡರಿಸಬೇಡ. ಸುಣ್ಣದ ಡಬ್ಬಿ ಕೈಗೆ ಸಿಗುವಂತೆ ಇಟ್ಟುಕೊಂಡು ನೀನೇ ಹಚ್ಚು. ತಡವಾಗಿ ಬಂದವರನ್ನು ಎಲ್ಲರ ಮುಂದೆ ಏಕೆ ತಡ ಅಂತ ಕೇಳಬೇಡ. ನೀರು ಕುಡಿಯಲು ಹೊರಗೆ ಹೋದಾಗ ಪಕ್ಕದಲ್ಲಿ ನಿಂತು ಕೇಳು, ಆಗ ನಿಜ ಹೇಳುತ್ತಾರೆ. ತಪ್ಪು ಉತ್ತರ ಬಂದಾಗ ಮೊದಲು ನಗುವವರನ್ನು ಸುಮ್ಮನಾಗಿಸು, ಆಮೇಲೆ ಉತ್ತರ ತಿದ್ದು. ತೂಕಡಿಸುವ ಮಗುವನ್ನು ಎಬ್ಬಿಸಬೇಡ. ಹಾಜರಿಯಲ್ಲಿ ಸುಳ್ಳು ಗುರುತು ಮಾತ್ರ ಯಾವತ್ತೂ ಹಾಕಬೇಡ, ಶಾಲೆ ಮುಳುಗಿದರೂ ಸರಿ.

ಆ ಹುಡುಗನ ಮನೆಗೆ ಹೋಗಿ ಬಾ. ಉಪದೇಶ ಮಾಡಲಿಕ್ಕಲ್ಲ, ಸುಮ್ಮನೆ ಕೂತು ಬಾ.

ಇಂತು,
ಸೋಮಶೇಖರಪ್ಪ


ಬಾಳೆಗುಂಡಿ
೧೪ ಆಗಸ್ಟ್ ೧೯೩೮

ಅಪ್ಪಯ್ಯನವರಿಗೆ ಶರಣು.

ಗೂಟಗಳು ಗೆದ್ದವು! ರೊಟ್ಟಿ ಹುಡುಗ ಲಕ್ಕಯ್ಯ ಮೊದಲ ಗೂಟ ನನಗೇ ಬೇಕು ಅಂತ ಹಟ ಹಿಡಿದು ಪಡೆದುಕೊಂಡ. ಈಗ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮುಂಚೆ ಜಗುಲಿಯ ಮೇಲೆ ಗೊರಬುಗಳ ಸಾಲು ನಿಂತಿರುತ್ತದೆ. ಕಳಸದ ಅಂಗಡಿಯ ನಸರುಲ್ಲಾ ಸಾಹೇಬರು ಮಕ್ಕಳ ಕಾಫಿಗೆಂದು ಬೆಲ್ಲದ ಚೂರು ಕಳಿಸುತ್ತಾರೆ, ದುಡ್ಡು ಕೊಡಲು ಹೋದರೆ ಬೈಯುತ್ತಾರೆ.

ಯಲ್ಲಮ್ಮ ಅಂತ ಒಬ್ಬಳು ಹುಡುಗಿ ಇದ್ದಾಳೆ. ಕೂಲಿಯ ಮುತ್ತಮ್ಮನ ಮಗಳು. ಬಂದಾಗ ಬಾಯಿ ಬಿಡುತ್ತಿರಲಿಲ್ಲ. ಮೂಲೆಯಲ್ಲಿ ಕೂತು ಉಳಿದವರು ಓದುವಾಗ ತುಟಿ ಮಾತ್ರ ಆಡಿಸುತ್ತಿದ್ದಳು. ನಾನು ಒತ್ತಾಯ ಮಾಡದೆ ಬಿಟ್ಟೆ. ಹೋದ ತಿಂಗಳು ಲಕ್ಕಯ್ಯ ಮಗ್ಗಿಯಲ್ಲಿ ತಡವರಿಸಿದಾಗ ಮೂಲೆಯಿಂದಲೇ ಅವಳು ಉತ್ತರ ಎಸೆದಳು. ಅಪ್ಪಯ್ಯ, ನನ್ನ ಎದೆ ಎಷ್ಟು ಉಬ್ಬಿತು ಎಂದರೆ ಪಾಠ ಮುಂದುವರಿಸಲಿಕ್ಕೆ ಆಗಲಿಲ್ಲ, ಎಲ್ಲರನ್ನೂ ಆಟಕ್ಕೆ ಬಿಟ್ಟುಬಿಟ್ಟೆ. ಈಗ ಓದುವುದರಲ್ಲಿ ಅವಳನ್ನು ಹಿಂದೆ ಹಾಕುವವರಿಲ್ಲ.

ಈ ಶಾಲೆ ಉಳಿಯಬೇಕು. ನನ್ನ ನೌಕರಿಗಾಗಿ ಹೇಳುತ್ತಿಲ್ಲ.

ದೇವೀರಮ್ಮ


ಆಲ್ದೂರು
೧೦ ಅಕ್ಟೋಬರ್ ೧೯೩೮

ಚಿರಂಜೀವಿ ದೇವಿಗೆ ಆಶೀರ್ವಾದ.

ಒಂದು ಒಳ್ಳೆಯ ಸುದ್ದಿ. ಏಕಾಂತಪ್ಪ ನಿನ್ನೆ ಬಂದಿದ್ದ. ಮೊದಲು ನನ್ನ ಕೈಕೆಳಗೆ ಅಸಿಸ್ಟೆಂಟಾಗಿದ್ದವನು ಈಗ ನಿಮ್ಮ ಕಡೆಯ ಸ್ಕೂಲ್ ಇನ್‌ಸ್ಪೆಕ್ಟರು. ಎಲೆ ಅಡಿಕೆ ಹಾಕಿಕೊಳ್ಳುತ್ತ ಒಂದೇ ಸಮನೆ ಗೊಣಗಿದ: "ಈ ಕಾಫಿ ಸೀಮೆ ಸ್ಕೂಲುಗಳ ಹಣೇಬರಾನೇ ಇಷ್ಟು ಮೇಷ್ಟ್ರೇ. ಮಳೇಲಿ ಬರ್ತಾವೆ, ಕುಯ್ಲು ಸುರುವಾದ್ರೆ ಒಂದು ನರಪಿಳ್ಳೆ ಇರಲ್ಲ." ನನಗೆ ಸುಮ್ಮನಿರಲಿಕ್ಕೆ ಆಗುತ್ತದೆಯೇ? "ನನ್ನ ಮಗಳ ಶಾಲೆ ಕುಯ್ಲಿನಲ್ಲೂ ತುಂಬಿರುತ್ತದೆ, ಬೇಕಾದರೆ ಹೋಗಿ ನೋಡು" ಅಂದೆ. ಅವನು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಹೌದಾ? ಹಂಗಾದ್ರೆ ಕುಯ್ಲಲ್ಲೇ ಬರ್ತೀನಿ. ಆ ಸ್ಕೂಲು ಇಡೋದೋ ಮುಚ್ಚೋದೋ ಅವತ್ತೇ ಬರೆದುಬಿಡ್ತೀನಿ" ಅಂದ.

ಬರಲಿ. ನಾಲ್ಕು ಜನ ನೋಡಲಿ ನನ್ನ ಮಗಳ ಕೆಲಸವನ್ನು.

ಇಂತು,
ಸೋಮಶೇಖರಪ್ಪ


ಆಲ್ದೂರು
೮ ನವೆಂಬರ್ ೧೯೩೮

ದೇವಿಗೆ ಆಶೀರ್ವಾದ.

ನಿನ್ನ ಕಾಗದ ಬರಲಿಲ್ಲ. ಬಸ್ಸು ಬಂದಾಗಲೆಲ್ಲ ಪೋಸ್ಟಾಫೀಸಿಗೆ ಹೋಗಿ ನಿಲ್ಲುತ್ತೇನೆ, ಪೋಸ್ಟ್ ಮಾಸ್ಟರು ತಲೆ ಅಲ್ಲಾಡಿಸುತ್ತಾರೆ.

ನಮ್ಮ ಬೀದಿಯ ಕೂಲಿಯವರ ಮನೆಗಳಲ್ಲಿ ಈಗ ಹಗಲು ಒಂದು ಮಗು ಇಲ್ಲ. ಎಲ್ಲರೂ ಹಣ್ಣು ಕುಯ್ಯಲು ಹೋಗಿದ್ದಾರೆ. ಇದನ್ನು ನೋಡಿದ ಮೇಲೆ ನಾನು ಏಕಾಂತಪ್ಪನಿಗೆ ಏನು ಹೇಳಿ ಕಳಿಸಿದ್ದೇನೆ ಅಂತ ಹೊಳೆಯಿತು. ಹುಟ್ಟಿದಾಗಿನಿಂದ ಕಾಫಿ ಸೀಮೆಯಲ್ಲೇ ಇದ್ದೇನೆ, ಗೊತ್ತಿಲ್ಲದ ವಿಷಯವೇ ಅಲ್ಲ. ನಿನ್ನ ಮಾತು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ, ಏನು ಮಾಡಲಿ?

ನೀನು ಒಂದು ಗೆರೆ ಬರೆ. ಚಿಕ್ಕಮಗಳೂರಿಗೆ ಹೋಗಿ, ನಾನು ಆಡಿದ್ದು ಬರೀ ಬಡಾಯಿ ಅಂತ ಏಕಾಂತಪ್ಪನ ಮುಂದೆ ಒಪ್ಪಿಕೊಂಡು, ಬೇಸಿಗೆಯಲ್ಲಿ ಹೋಗು ಅಂತ ಕೇಳಿಕೊಳ್ಳುತ್ತೇನೆ.

ಅಪ್ಪ


ಬಾಳೆಗುಂಡಿ
೨೭ ನವೆಂಬರ್ ೧೯೩೮

ಅಪ್ಪಯ್ಯನವರಿಗೆ ಶರಣು.

ಎಲ್ಲಿಗೂ ಹೋಗಬೇಡಿ.

ಸಿಟ್ಟು ಬಂದಿದ್ದು ನಿಜ. ನಿಮ್ಮ ಅಕ್ಟೋಬರದ ಕಾಗದ ಓದಿ ಮಡಿಚಿ, ಮತ್ತೆ ಬಿಚ್ಚಿ ಓದಿ, ಒಲೆಗೆ ಹಾಕಬೇಕು ಅಂತ ಎದ್ದಿದ್ದೆ. ಕುಯ್ಲು ಶುರುವಾದ ವಾರವೇ ಶಾಲೆ ಬರಿದಾಯಿತು. ನಿಮಗೆ ಗೊತ್ತಲ್ಲ, ಇಲ್ಲಿ ತಾಯಂದಿರು ಕೈಕೂಸನ್ನು ಹೊತ್ತುಕೊಂಡೇ ತೋಟಕ್ಕೆ ಹೋಗುವುದು. ಅವರು ಹಣ್ಣು ಕುಯ್ಯುವ ಸಾಲಿನ ಹತ್ತಿರದ ಮರಕ್ಕೆ ಜೋಲಿ ಕಟ್ಟುತ್ತಾರೆ. ಜೋಲಿಯ ಪಕ್ಕದಲ್ಲಿ ಮನೆಯ ದೊಡ್ಡ ಹುಡುಗಿ ಕೂತು ತೂಗಬೇಕು. ಹಾಗಾಗಿ ಹುಡುಗಿಯರು ಒಬ್ಬರೂ ಇಲ್ಲ. ಅಕ್ಕಂದಿರು ಇಲ್ಲದ ಮೇಲೆ ಚಿಕ್ಕವರೂ ಬರುವುದಿಲ್ಲ.

ಯಲ್ಲಮ್ಮ ಒಬ್ಬಳು ಬಂದಳು, ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು. ಕೂಸು ಪಾಠದ ನಡುವೆ ಕಿರುಚಿತು. ಶಾಲೆಗೆ ಕೂಸು ತರಬಾರದು, ಮನೆಯಲ್ಲಿ ಬಿಟ್ಟು ಬಾ ಅಂದೆ. ಅವಳು ತಲೆಯಾಡಿಸಿ ಹೋದಳು, ಮತ್ತೆ ಬರಲಿಲ್ಲ. ಬಿಡಲಿಕ್ಕೆ ಮನೆಯಲ್ಲಿ ಯಾರಿದ್ದಾರೆ ಅಂತ ನಾನು ಯೋಚನೆಯನ್ನೇ ಮಾಡಲಿಲ್ಲ.

ಆಮೇಲೆ ನಾನೇ ತೋಟಕ್ಕೆ ಹುಡುಕಿಕೊಂಡು ಹೋದೆ. ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರಕ್ಕೆ ಕಟ್ಟಿದ ಜೋಲಿ. ಅದರಿಂದ ಇಳಿದ ಹುರಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಯಲ್ಲಮ್ಮ ತೂಗುತ್ತಿದ್ದಳು. ಜೋಗುಳದ ರಾಗದಲ್ಲಿ ಹಾಡುತ್ತಿದ್ದುದು ಮಗ್ಗಿ, ಅಪ್ಪಯ್ಯ! ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದಿದ್ದವು. ಆ ಎರಡು ಕೈಗೆ ಸ್ಲೇಟು ಕೊಟ್ಟರೆ ಆಯಿತಲ್ಲ ಅಂತ ಅಲ್ಲೇ ನಿಂತಲ್ಲೇ ಅನ್ನಿಸಿತು. ಮರ ಯಾವುದಾದರೇನು, ಶಾಲೆಯ ಜಗುಲಿಗೂ ತೊಲೆಗಳಿವೆ, ಜೋಲಿ ಅಲ್ಲೇ ಕಟ್ಟಬಹುದು.

ಮುತ್ತಮ್ಮ ಮೊದಲು ಒಪ್ಪಲಿಲ್ಲ. "ಕೂಸಿಗೆ ಹಸಿವಾದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು ಅಮ್ಮಾ? ನಾ ಇಲ್ಲಿ, ಅದು ಅಲ್ಲಿ" ಅಂದಳು. ಹಸಿದ ಕೂಸಿನ ತಾಯಿಯನ್ನು ಕರೆಯಲು ಲಕ್ಕಯ್ಯನನ್ನು ಓಡಿಸುತ್ತೇನೆ ಅಂದೆ. ಆಳುಗಳ ಲೆಕ್ಕ ಬರೆಯುವ ಎಸ್ಟೇಟಿನ ರೈಟರು ಬೆಳ್ಳಿಯಪ್ಪನವರು ಸಿಡಿಮಿಡಿಗೊಂಡರು. "ಕುಯ್ಲಿನ ಟೈಮಲ್ಲಿ ನಂಗೆ ಇದೊಂದು ತಲೆನೋವು ಬೇರೆ. ಆಳುಗಳು ಸ್ಕೂಲಿಗೆ ಓಡಾಡ್ತಾ ಇದ್ರೆ ಹಣ್ಣು ಕುಯ್ಯೋರು ಯಾರು ಟೀಚರಮ್ಮ?" ಎಂದರು. ಈಗ ತಾಯಂದಿರು ಸಾಲಿನ ನಡುವೆ ಐದು ನಿಮಿಷಕ್ಕೊಮ್ಮೆ ಜೋಲಿ ನೋಡಲು ಓಡುವುದಿಲ್ಲವೇ, ಒಂದು ವಾರ ನಡೆಯಲು ಬಿಟ್ಟು ನೋಡಿ, ಅಂದೆ. ಒಂದು ವಾರಕ್ಕೆ ಒಪ್ಪಿದ್ದಾರೆ.

ನಸರುಲ್ಲಾ ಸಾಹೇಬರ ಅಂಗಡಿಯಿಂದ ಹೊಚ್ಚಹೊಸ ಬಟ್ಟೆ ತರಿಸಿ, ತೊಳೆದು, ಗಟ್ಟಿ ಹೊಲಿಗೆ ಹಾಕಿ ಜೋಲಿ ಕಟ್ಟಿದೆ. ಅಂದವೋ ಅಂದ. ಆದರೆ ಕೂಸುಗಳನ್ನು ಮಲಗಿಸಿದ ಕ್ಷಣವೇ ಎಲ್ಲವೂ ಒಟ್ಟಿಗೆ ಕಿರುಚಲು ಶುರು. ಎಷ್ಟು ತೂಗಿದರೂ ನಿಲ್ಲಿಸುವುದಿಲ್ಲ. ತಾಯಂದಿರು ಗಾಬರಿಯಾಗಿ ಓಡಿ ಬರುತ್ತಾರೆ, ಬೆಳ್ಳಿಯಪ್ಪನವರು ಅವರ ಹಿಂದೆಯೇ ಬರುತ್ತಾರೆ. ಹೀಗೇ ಆದರೆ ವಾರ ಮುಗಿಯುವ ಮುಂಚೆ ಎಲ್ಲ ಬಿಚ್ಚಬೇಕಾಗುತ್ತದೆ. ಮರದ ಕೆಳಗೆ ಮಲಗುವ ಕೂಸು ಜಗುಲಿಯಲ್ಲಿ ಯಾಕೆ ಮಲಗುವುದಿಲ್ಲ? ಬೇಗ ಬರೆಯಿರಿ.

ದೇವೀರಮ್ಮ


ಆಲ್ದೂರು
೩೦ ನವೆಂಬರ್ ೧೯೩೮

ದೇವಿ,

ಇದನ್ನು ಕಳಸದ ಬಸ್ಸಿನವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ಹೊಸ ಬಟ್ಟೆ ತೆಗೆ. ಒಬ್ಬೊಬ್ಬ ತಾಯಿಯಿಂದಲೂ ಅವಳು ಉಟ್ಟು ಹಳತಾದ ಸೀರೆ ಕೇಳು. ಒಗೆಯಬೇಡ. ಅದರಲ್ಲೇ ಜೋಲಿ ಕಟ್ಟು. ತೋಟದಲ್ಲಿ ಅವರು ಕಟ್ಟುವುದು ಅದನ್ನೇ, ನೀನು ಗಮನಿಸಿಲ್ಲ. ಕೂಸಿಗೆ ಬೇಕಾದ್ದು ತಾಯಿಯ ವಾಸನೆ.

ಇದು ನನಗೆ ಹೇಗೆ ಗೊತ್ತು ಅಂತ ನೀನು ಕೇಳುತ್ತೀಯ. ನಿನ್ನ ಅವ್ವ ಹೋದಾಗ ನೀನು ಕೈಕೂಸು. ಅವಳ ಹಳದಿ ಸೀರೆ ಒಂದನ್ನು ಬಿಟ್ಟು ಬೇರೆ ಯಾವ ಬಟ್ಟೆಯಲ್ಲೂ ನೀನು ಮಲಗಲಿಲ್ಲ. ಮನೆಗೆ ಬಂದ ಹೆಂಗಸರು ಅದನ್ನು ಒಗೆಯಲು ತೆಗೆದುಕೊಂಡರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ಇಂತು,
ಅಪ್ಪ


ಬಾಳೆಗುಂಡಿ
೧೨ ಜನವರಿ ೧೯೩೯

ಅಪ್ಪಯ್ಯನವರಿಗೆ ಶರಣು.

ಸೀರೆಯ ವಿಷಯ ಬರೆದ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಬರೆಯಲು ಕೂತೆ, ಆಗಲಿಲ್ಲ. ಕೂಸುಗಳು ಅವತ್ತೇ ಮಲಗಿದವು, ಅಷ್ಟು ಹೇಳುತ್ತೇನೆ. ಬೆಳ್ಳಿಯಪ್ಪನವರು ವಾರದ ಮಾತನ್ನು ಮತ್ತೆ ಎತ್ತಲೇ ಇಲ್ಲ. ಹಣ್ಣಿನ ಬುಟ್ಟಿಗಳು ಮೊದಲಿಗಿಂತ ಬೇಗ ತುಂಬುತ್ತಿವೆಯಂತೆ, ತೋಟದ ಮೇಸ್ತ್ರಿ ಹೇಳಿದ.

ನಿನ್ನೆ ಏಕಾಂತಪ್ಪನವರು ಬಂದರು. ಹೇಳಿ ಬರಲಿಲ್ಲ. ಕುಯ್ಲು ಜೋರಾಗಿ ನಡೆಯುತ್ತಿರುವಾಗ ಬೆಳಿಗ್ಗೆ ಕಳಸದಿಂದ ನಡೆದುಕೊಂಡೇ ಬಂದು ಅಂಗಳದಲ್ಲಿ ನಿಂತಿದ್ದರು. ಜಗುಲಿಯ ಉದ್ದಕ್ಕೂ ಬಣ್ಣಬಣ್ಣದ ಜೋಲಿಗಳು. ಒಂದೊಂದರಿಂದಲೂ ಒಂದು ಹುರಿ. ಹುರಿಯ ತುದಿ ಒಬ್ಬೊಬ್ಬ ಹುಡುಗಿಯ ಹೆಬ್ಬೆರಳಿಗೆ. ಕೈಯಲ್ಲಿ ಸ್ಲೇಟು. ಚಿಕ್ಕವರೆಲ್ಲ ಅಕ್ಕಂದಿರ ಪಕ್ಕದಲ್ಲಿ. ಎಲ್ಲರೂ ಮಗ್ಗಿಯನ್ನು ಜೋಗುಳದ ರಾಗದಲ್ಲಿ ಹೇಳುತ್ತಿದ್ದರು. ಏಕಾಂತಪ್ಪನವರು ಚಪ್ಪಲಿ ಬಿಡುವುದನ್ನೂ ಮರೆತು ನೋಡುತ್ತ ನಿಂತರು.

"ಏನಮ್ಮಾ ಇದು? ಸ್ಕೂಲೋ, ತೊಟ್ಟಿಲು ಶಾಸ್ತ್ರವೋ?" ಅಂದರು. "ಎರಡೂ ಸಾರ್. ಜೋಲಿ ಬಿಚ್ಚಿದರೆ ಸ್ಕೂಲೂ ಇರುವುದಿಲ್ಲ" ಅಂದುಬಿಟ್ಟೆ. ಅವರು ಮುಖ ಗಂಟಿಕ್ಕಿಕೊಂಡು ಕುರ್ಚಿಯಲ್ಲಿ ಕೂತು ಹಾಜರಿ ಪುಸ್ತಕ ತೆಗೆದರು. ಹಣ್ಣು ಹೊರಲು ಹೋದ ದೊಡ್ಡ ಹುಡುಗರ ಹೆಸರಿನ ಮುಂದೆ ನಾನು ಗೈರುಹಾಜರಿ ಹಾಕಿದ್ದೆ. ಅದನ್ನು ನೋಡಿ "ಹೂಂ" ಅಂದರು. ಒಳ್ಳೆಯ ಹೂಂ ಹೌದೋ ಅಲ್ಲವೋ ತಿಳಿಯಲಿಲ್ಲ.

ಆಮೇಲೆ ಯಲ್ಲಮ್ಮನನ್ನು ಎಬ್ಬಿಸಿ ಪುಸ್ತಕ ಕೊಟ್ಟರು. ನಾವು ಇನ್ನೂ ಮುಟ್ಟದ ಪಾಠ ಅದು. ಅವಳು ಹುರಿ ಬಿಚ್ಚಿಟ್ಟು ಎದ್ದು ನಿಂತಳು. ಅವಳು ನಿಂತದ್ದೇ ತಡ, ತೂಗುವುದು ನಿಂತು ಕೂಸು ರಾಗ ಎಳೆಯಿತು. ಅವಳ ಕಣ್ಣು ಜೋಲಿಯ ಕಡೆ ಹೋಯಿತು, ಓದು ತಡವರಿಸಿತು. ನಾನು ಓಡಬೇಕು ಅನ್ನುವಷ್ಟರಲ್ಲಿ ಏಕಾಂತಪ್ಪನವರು "ನೀ ಓದಮ್ಮ, ನಿಲ್ಲಿಸ್ಬೇಡ" ಅಂತ ಎದ್ದು ಹೋಗಿ, ನೆಲದ ಮೇಲಿದ್ದ ಹುರಿ ಎತ್ತಿಕೊಂಡು ತೂಗತೊಡಗಿದರು! ಕೋಟು, ಪೇಟ, ಕೈಯಲ್ಲಿ ಜೋಲಿಯ ಹುರಿ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಯಲ್ಲಮ್ಮ ಮಾತ್ರ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಒಂದಕ್ಷರ ತಪ್ಪದೆ ಕೊನೆಯವರೆಗೆ ಓದಿದಳು.

ಅಷ್ಟು ಹೊತ್ತಿಗೆ ಲಕ್ಕಯ್ಯ ಓಡಿ ಹೋಗಿ ಮುತ್ತಮ್ಮನನ್ನು ಕರೆತಂದಿದ್ದ. ಅವಳು ಬೆನ್ನಿನ ಬುಟ್ಟಿಯನ್ನೂ ಇಳಿಸದೆ ಮೆಟ್ಟಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಓದು ಮುಗಿದ ಮೇಲೆ ಇನ್‌ಸ್ಪೆಕ್ಟರ ಕಡೆ ನೋಡಿ, "ನನ್ ಮಗ್ಳು ಸ್ವಾಮಿ" ಅಂದಳು. ಅವರು ಏನಾದರೂ ಕೇಳುವ ಮುಂಚೆಯೇ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಓದಿದ್ಲಲ್ಲ, ಅದು ನನ್ ಮಗ್ಳು" ಅಂದಳು.

ಲೆಕ್ಕ, ಬರವಣಿಗೆ ಎಲ್ಲ ನೋಡಿದರು. ಏನೂ ಬಿಟ್ಟುಕೊಡಲಿಲ್ಲ, ನಿಮ್ಮ ಶಿಷ್ಯ ಅಲ್ಲವೇ. ಹೊರಡುವಾಗ ವಿಸಿಟ್ ಪುಸ್ತಕದಲ್ಲಿ ಬರೆದರು: ಶಾಲೆಯನ್ನು ಕಾಯಂ ಮಾಡತಕ್ಕದ್ದು, ಕುಯ್ಲಿನ ಕಾಲದ ಜೋಲಿಯ ಏರ್ಪಾಟನ್ನು ಕಾಫಿ ಸೀಮೆಯ ಇತರ ಶಾಲೆಗಳೂ ಬಂದು ನೋಡತಕ್ಕದ್ದು. ನಾನು ಅದನ್ನು ಎಷ್ಟು ಸಲ ಓದಿದೆನೋ.

ನಿಮ್ಮ ಮುಖ ನೋಡಿ ಬರೆದರೇನೋ ಅಂತ ಅನುಮಾನ ಬಂದು ಕೇಳಿಯೇಬಿಟ್ಟೆ. ಅವರಿಗೆ ಕೋಪ ಬಂತು. "ನಿಮ್ಮಪ್ಪ ನಂಗೆ ಕಲಿಸಿದ್ದು ಅದನ್ನಲ್ಲ" ಅಂದರು. ಆಮೇಲೆ ಅಂಗಳದಲ್ಲಿ ನಿಂತು ನಕ್ಕು, "ಹುರಿ ಎಳೆಯೋದು ನಂಗೆ ಹೊಸದಲ್ಲಮ್ಮ. ಆಲ್ದೂರು ಸ್ಕೂಲಲ್ಲಿ ಹೆಡ್‌ಮಾಸ್ಟರ ಕುರ್ಚಿ ಹಿಂದೆ ಒಂದು ಜೋಲಿ ಇರ್ತಿತ್ತು. ಅವರು ಪಾಠಕ್ಕೆ ಹೋದಾಗ ತೂಗೋ ಡ್ಯೂಟಿ ನಂದು. ನಿಮ್ಮಪ್ಪ ಹೇಳಿಲ್ವಾ?" ಅಂದರು.

ನೀವು ಹೇಳಿಲ್ಲ. ಶಾಲೆಯಲ್ಲಿ ಜೋಲಿ ಕಟ್ಟಿದವರು ಪ್ರಪಂಚದಲ್ಲೇ ನಾನು ಮೊದಲು ಅಂತ ಇಷ್ಟು ದಿನ ಬೀಗುತ್ತಿದ್ದೆನಲ್ಲ, ಯಾಕೆ ಸುಮ್ಮನಿದ್ದಿರಿ?

ನಿಮ್ಮ ಮಗಳು,
ದೇವೀರಮ್ಮ


ಆಲ್ದೂರು
೧೯ ಜನವರಿ ೧೯೩೯

ಚಿರಂಜೀವಿ ದೇವಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ಪೋಸ್ಟಾಫೀಸಿನ ಮೆಟ್ಟಿಲ ಮೇಲೇ ನಿಂತು ಓದಿದೆ. ಪೋಸ್ಟ್ ಮಾಸ್ಟರು "ಏನು ಮೇಷ್ಟ್ರೇ, ಕಣ್ಣಿಗೆ ಧೂಳು ಬಿತ್ತಾ?" ಅಂದರು. ಹೌದು ಅಂದೆ. ಆಮೇಲೆ ಅವರಿಗೂ ಓದಿ ಹೇಳಿದೆ. ಹಾದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಈ ಸಲ ಬಡಾಯಿ ಅಲ್ಲವಲ್ಲ, ಯಾರ ಭಯ?

ಯಾಕೆ ಸುಮ್ಮನಿದ್ದೆ ಅಂತ ಕೇಳಿದ್ದೀಯ. ನಿನ್ನ ನವೆಂಬರದ ಕಾಗದದಲ್ಲಿ ಜಗುಲಿ, ತೊಲೆ, ಜೋಲಿ ಅಂತ ಓದಿದಾಗ ನನಗೆ ಮೈಯೆಲ್ಲ ಜುಮ್ಮೆಂದಿತು. ನಾನು ಹೇಳಿಕೊಡದೆಯೇ ಅದು ನಿನಗೆ ತಾನಾಗಿ ಹೊಳೆದಿತ್ತು. ನಾನು ಬಾಯಿ ಬಿಟ್ಟಿದ್ದರೆ ಅದು ಅಪ್ಪನ ಉಪಾಯ ಆಗಿಬಿಡುತ್ತಿತ್ತು. ಅದು ನಿನ್ನದೇ ಆಗಿರಲಿ ಅಂತ ಸುಮ್ಮನಾದೆ.

ಏಕಾಂತಪ್ಪ ಹೇಳದೆ ಬಿಟ್ಟದ್ದು ಒಂದಿದೆ, ಅದನ್ನು ನಾನು ಹೇಳುತ್ತೇನೆ. ಆ ಜೋಲಿಗೆ ಮುಂದೆ ಒಂದು ಪರದೆ ಇತ್ತು. ಮೇಲಿನವರು ಬಂದರೆ ಪರದೆ ಎಳೆದು, ಹಿಂದೆ ಹಳೇ ನಕ್ಷೆಗಳಿವೆ ಅನ್ನುತ್ತಿದ್ದೆವು. ನಿನ್ನ ಪುಣ್ಯಕ್ಕೆ ಆಗೆಲ್ಲ ನೀನು ನಿದ್ದೆ ಮಾಡುತ್ತಿದ್ದೆ.

ನಾನು ಕಟ್ಟಿದ್ದು ಒಂದು ಜೋಲಿ, ನನ್ನ ಮಗಳಿಗೆ, ಪರದೆಯ ಹಿಂದೆ. ನೀನು ಕಟ್ಟಿದ್ದು ಊರವರ ಮಕ್ಕಳಿಗೆ, ಜಗುಲಿಯಲ್ಲಿ, ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ.

ಭಾನುವಾರದ ಬಸ್ಸಿಗೆ ಬರುತ್ತೇನೆ. ಕುರ್ಚಿ ಒಂದೇ ಇದೆ ಅಂದಿದ್ದೆಯಲ್ಲ, ಅದು ಟೀಚರಮ್ಮನದು, ನನಗೆ ಗೋಣಿತಾಟು ಸಾಕು. ಮಕ್ಕಳು ಇವರು ಯಾರು ಅಂತ ಕೇಳಿದರೆ ಹೆಡ್‌ಮಾಸ್ಟರು ಅನ್ನಬೇಡ. ನಮ್ಮಪ್ಪ ಅನ್ನು.

ಸೋಮಶೇಖರಪ್ಪ